ಕೆಂಚ ಟ್ರೇ ಬಿಟ್ಟು ಕಂಬಳಿಗೆ ಬಂದದ್ದೇಕೆ?

ಆವತ್ತು ಬೆಳಗ್ಗೆ ನಮ್ಮ ಮನೆಯ ಅಜ್ಜ ಎದ್ದದ್ದು ದೇವರನ್ನು ನೆನೆದುಕೊಂಡಲ್ಲ. “ಥೂ, ಮತ್ತೆ ಮಾಡಿಬಿಟ್ಟನಲ್ಲೇ ಇವನು!” ಎಂದು ಕೂಗಿಕೊಂಡು. ಕಾಲ ಬಳಿ ಕಂಬಳಿ ಒದ್ದೆ. ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಬೀರುವಿನ ಅಡಿಯಿಂದ ಎರಡು ಹಳದಿ ಕಣ್ಣುಗಳು ನಮ್ಮನ್ನೇ ನೋಡುತ್ತಿದ್ದವು.

ಅದು ಆ ವಾರದಲ್ಲಿ ನಾಲ್ಕನೇ ಸಲ. ಮೊದಲು ಬಾಗಿಲ ಬಳಿಯ ಕಾಲೊರಸು, ಆಮೇಲೆ ಒಗೆಯಲು ಹಾಕಿದ್ದ ಬಟ್ಟೆಯ ರಾಶಿ, ಮೂರನೆಯದು ಮೊಮ್ಮಗಳ ಇಸ್ತ್ರಿ ಮಾಡಿಟ್ಟ ಯೂನಿಫಾರ್ಮು, ಈಗ ಅಜ್ಜನ ಕಂಬಳಿ.

ಕೆಂಚ ಸಾಗರದ ಕಡೆಯ ಹಳ್ಳಿಯ ಬೆಕ್ಕು. ಮೈಬಣ್ಣ ಕೆಂಚು, ಅದಕ್ಕೇ ಆ ಹೆಸರು. ಊರಿನ ಮನೆಯಲ್ಲಿದ್ದಾಗ ಅವನು ಎಲ್ಲಿ ಹೋಗುತ್ತಾನೆ, ಏನು ಮಾಡುತ್ತಾನೆ ಎಂಬ ಚಿಂತೆಯೇ ನಮಗಿರಲಿಲ್ಲ. ಬಚ್ಚಲ ಒಲೆಯ ಬೂದಿಯನ್ನು ಹಿತ್ತಲಲ್ಲಿ ಗುಡ್ಡೆ ಹಾಕುತ್ತಿದ್ದೆವು. ಪಕ್ಕದಲ್ಲಿ ಮನೆ ರಿಪೇರಿಗೆ ತರಿಸಿ ಮಿಕ್ಕಿದ್ದ ಮರಳು. ಎರಡರಲ್ಲೊಂದನ್ನು ಕೆದರಿ, ಕೆಲಸ ಮುಗಿಸಿ, ಮುಚ್ಚಿ, ಒಮ್ಮೆ ಮೂಸಿ ನೋಡಿ ಬರುತ್ತಿದ್ದ. ಕಳೆದ ವರ್ಷ ಅಜ್ಜನ ಮಂಡಿನೋವು ಜೋರಾಗಿ ನಾವಿಬ್ಬರೂ ಬೆಂಗಳೂರಿನ ಮಗನ ಮನೆಗೆ, ಮೂರನೇ ಮಹಡಿಯ ಫ್ಲ್ಯಾಟಿಗೆ ಬಂದೆವು. ಕೆಂಚನನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಊರಿನಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಬುಟ್ಟಿಯಲ್ಲಿ ಕೂರಿಸಿಕೊಂಡು ಕರೆತಂದೆವು.

ಬಂದ ದಿನವೇ ಮೊಮ್ಮಗಳು, “ಅಜ್ಜಿ, ಕೆಂಚನಿಗೆ ಲಿಟರ್ ಬಾಕ್ಸ್ ಬೇಕು” ಎಂದಳು.

“ಎಷ್ಟು ಲೀಟರಿನದ್ದೇ?” ಎಂದೆ ನಾನು.

ಅವಳು ನಕ್ಕು ನಕ್ಕು ಸುಸ್ತಾದಳು. ಬೆಕ್ಕು ಒಂದಕ್ಕೂ ಎರಡಕ್ಕೂ ಕೂರಲು ಮನೆಯೊಳಗೆ ಇಡುವ ಮಣ್ಣಿನ ಟ್ರೇಗೆ ಆ ಹೆಸರಂತೆ. ಮಗ ಅಂಗಡಿಯಿಂದ ಒಳ್ಳೆಯದನ್ನೇ ತಂದ. ಮುಚ್ಚಳವಿತ್ತು, ಪುಟ್ಟ ಬಾಗಿಲಿತ್ತು, ಒಳಗಿನ ಮಣ್ಣಿಗೆ ಲ್ಯಾವೆಂಡರ್ ಪರಿಮಳವೂ ಇತ್ತು. ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಪಕ್ಕ ಇಟ್ಟೆವು. ಕೆಲವು ತಿಂಗಳು ಏನೂ ತಕರಾರಿಲ್ಲ. ಆಮೇಲೆ ಶುರುವಾಯಿತು ನೋಡಿ.

ಕಂಬಳಿಯ ದಿನ ಸಂಜೆ ಮಗ ಹೇಳಿದ, “ಅಮ್ಮ, ಇನ್ನು ಆಗಲ್ಲ. ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರ್ತೀನಿ. ಹೊಟ್ಟೆಗೇನೂ ಕಮ್ಮಿ ಆಗಲ್ಲ ಅಲ್ಲಿ.” ಸೊಸೆ ಸುಮ್ಮನಿದ್ದಳು. ನಾಲ್ಕು ಸಲ ಒಗೆದವಳು ಅವಳು, ಸುಮ್ಮನಿದ್ದದ್ದೇ ದೊಡ್ಡದು. ನಿಜ ಹೇಳಬೇಕೆಂದರೆ ನಾನೂ ಬೇಡವೆನ್ನಲಿಲ್ಲ. ನಮ್ಮ ಕಾಲದಲ್ಲಿ ಹಾಗೇ ತಾನೇ ಮಾಡುತ್ತಿದ್ದದ್ದು? ಗೋಣಿಚೀಲಕ್ಕೆ ಹಾಕಿ, ಹೊಳೆ ದಾಟಿಸಿ ಬಿಟ್ಟು ಬರುವುದು.

ಮೊಮ್ಮಗಳು ಆರನೇ ಕ್ಲಾಸು. ಅಳಲಿಲ್ಲ, ಹಟ ಮಾಡಲಿಲ್ಲ. “ಅಪ್ಪ, ಒಂದು ವಾರ ಟೈಮ್ ಕೊಡು. ಯಾಕೆ ಮಾಡ್ತಾನೆ ಅಂತ ನಾನು ಕಂಡುಹಿಡೀತೀನಿ” ಎಂದಳು. ಹಳೆಯ ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ನಾಲ್ಕು ಕಾಲಂ ಎಳೆದಳು: ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು, ಅದಕ್ಕೆ ಮುಂಚೆ ಏನಾಯಿತು.

ಬೆಕ್ಕು ಸಾಕಿದ ಮನೆಯ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. ತಪ್ಪು ಜಾಗದಲ್ಲಿ ಮಾಡಿತೆಂದು ಕೋಲು ಹುಡುಕಬೇಡಿ, ನೋಟ್‌ಬುಕ್ ಹುಡುಕಿ. ಕೆಲವರು ಬೆಕ್ಕಿನ ಕತ್ತು ಹಿಡಿದು, ಮಾಡಿದ ಜಾಗಕ್ಕೆ ಮೂತಿ ಒತ್ತುತ್ತಾರೆ. ಬೆಕ್ಕಿಗೆ ಅದರಿಂದ ಅರ್ಥವಾಗುವುದು ಒಂದೇ, ಈ ಮನುಷ್ಯ ಅಪಾಯ ಎಂದು. ಆಮೇಲೆ ಅದು ನಿಮ್ಮೆದುರು ಟ್ರೇಗೂ ಹೋಗುವುದಿಲ್ಲ, ಮಂಚದಡಿ ಸಂದಿ ಹುಡುಕುತ್ತದೆ.

ಬೂದಿಯಿಂದ ಹುಟ್ಟಿದ ವ್ಯಾಪಾರ

ನಾಯಿಯ ಹಾಗಲ್ಲ ಬೆಕ್ಕು. ಮಣ್ಣು ಕೆದರಿ ಮುಚ್ಚುವುದನ್ನು ಅದಕ್ಕೆ ಯಾರೂ ಕಲಿಸಬೇಕಿಲ್ಲ. ಇದಕ್ಕೆ ಕಾರಣ ಬಹಳ ಹಿಂದಿದೆ. 2007ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು, ಜಗತ್ತಿನ ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕಿನ ಸಂತತಿ ಎಂದು ತೋರಿಸಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಅಸ್ಥಿಪಂಜರವೂ ಸಿಕ್ಕಿದೆ. ಅಷ್ಟು ಹಳೆಯ ನಂಟು. ಆ ಒಣನಾಡಿನ ಪುಟ್ಟ ಬೇಟೆಗಾರನಿಗೆ ತನ್ನ ವಾಸನೆ ದೊಡ್ಡ ಪ್ರಾಣಿಗಳ ಮೂಗಿಗೆ ಬೀಳಬಾರದಿತ್ತು. ಸಡಿಲ ಮಣ್ಣು ಕಂಡಲ್ಲಿ ಕೆದರಿ ಮುಚ್ಚುವ ಅಭ್ಯಾಸ ಇವತ್ತಿನ ಫ್ಲ್ಯಾಟಿನ ಬೆಕ್ಕಿಗೂ ಉಳಿದುಕೊಂಡಿದೆ. ಟ್ರೇ ಎಂದರೆ ಆ ಮರಳುಗಾಡಿನ ಒಂದು ತುಂಡು, ಅಷ್ಟೇ.

ಅಂಗಡಿಯಲ್ಲಿ ಸಿಗುವ ಬೆಕ್ಕಿನ ಮಣ್ಣಿಗೂ ನಮ್ಮ ಬಚ್ಚಲ ಒಲೆಯ ಬೂದಿಗೂ ಒಂದು ನಂಟಿದೆ. ಇದನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು. 1947ರ ಚಳಿಗಾಲ. ಅಮೆರಿಕದ ಮಿಷಿಗನ್ ರಾಜ್ಯದ ಕಸ್ಸೊಪೊಲಿಸ್ ಎಂಬ ಊರಿನಲ್ಲಿ ಹೆಂಗಸೊಬ್ಬಳ ಮನೆಯ ಮರಳಿನ ರಾಶಿ ಹಿಮಗಟ್ಟಿತು. ಬೆಕ್ಕಿಗೆ ಬೂದಿ ಹಾಕಿ ನೋಡಿದಳು, ಮನೆ ತುಂಬ ಬೂದಿಯ ಹೆಜ್ಜೆಗಳಾದವು. ನೆರೆಯ ಎಡ್ವರ್ಡ್ ಲೋ ಎಂಬವರನ್ನು ಸ್ವಲ್ಪ ಮರಳಿದ್ದರೆ ಕೊಡಿ ಎಂದು ಕೇಳಿದಳು. ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆ ಹೀರುವುದಕ್ಕೆಂದು ಅವರ ಬಳಿ ಒಂದು ಬಗೆಯ ಒಣಜೇಡಿಯ ಕಾಳುಗಳಿದ್ದವು. ಮರಳಿನ ಬದಲು ಅದನ್ನೇ ಕೊಟ್ಟರು. ಅವಳು ಮತ್ತೆ ಮತ್ತೆ ಕೇಳಿಕೊಂಡು ಬಂದಳು. ಲೋ ಐದೈದು ಪೌಂಡಿನ ಚೀಲ ತುಂಬಿ, ಮೇಲೆ ‘ಕಿಟ್ಟಿ ಲಿಟರ್’ ಎಂದು ಕೈಯಲ್ಲೇ ಬರೆದು, 65 ಸೆಂಟಿಗೆ ಮಾರಾಟಕ್ಕಿಟ್ಟರು. ಮರಳು ಬಿಟ್ಟಿಯಾಗಿ ಸಿಗುವಾಗ ಇದಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂದ ಅಂಗಡಿಯವನಿಗೆ, ಹಾಗಾದರೆ ಸುಮ್ಮನೇ ಹಂಚಿಬಿಡು ಎಂದರಂತೆ. ಅಲ್ಲಿಂದ ಬೆಳೆದದ್ದು ಈ ವ್ಯಾಪಾರ. ಒದ್ದೆಯಾದ ಕಡೆ ಉಂಡೆಗಟ್ಟುವ ಬೆಂಟೊನೈಟ್ ಮಣ್ಣು ಬಂದದ್ದು 1980ರ ದಶಕದಲ್ಲಿ. ಆ ಮಣ್ಣು ನಮ್ಮಲ್ಲಿ ಗುಜರಾತಿನ ಕಛ್‌ನಲ್ಲಿ ಹೇರಳವಾಗಿ ಸಿಗುತ್ತದೆ.

ಇರಲಿ, ನೋಟ್‌ಬುಕ್ಕಿಗೆ ಬರೋಣ.

ಗುಲಾಬಿ ಬಣ್ಣ, ಪ್ರಶ್ನಾರ್ಥಕ ಚಿಹ್ನೆ

ಮೊದಲ ದಿನವೇ ಅವಳಿಗೊಂದು ಸುಳಿವು ಸಿಕ್ಕಿತು. ಕೆಂಚ ಸಂಜೆ ನಾಲ್ಕಕ್ಕೆ ಟ್ರೇಯೊಳಗೆ ಹೋದ. ಅದೇ ಹೊತ್ತಿಗೆ ವಾಷಿಂಗ್ ಮೆಷಿನ್ ಬಟ್ಟೆ ಹಿಂಡಲು ಶುರು ಮಾಡಿತು. ಗಡಗಡ ಸದ್ದಿಗೆ ಬೆಕ್ಕು ಮೈ ಸುಟ್ಟುಕೊಂಡಂತೆ ಹೊರಗೆ ಹಾರಿತು. “ಅಜ್ಜಿ, ನಾವು ಬಾತ್‌ರೂಮಲ್ಲಿರುವಾಗ ಯಾರಾದ್ರೂ ಡ್ರಮ್ ಬಾರಿಸಿದ್ರೆ?” ಎಂದಳು. ಟ್ರೇಯನ್ನು ಸ್ವಲ್ಪ ಆಚೆ ಸರಿಸಿದೆವು. ಎಲ್ಲ ಸರಿಹೋಯಿತು ಅಂದುಕೊಂಡೆವು.

ಸರಿಹೋಗಲಿಲ್ಲ. ಮೂರನೇ ದಿನದ ಪುಟದಲ್ಲಿ ‘ಒಂದು ಗಂಟೆಯಲ್ಲಿ ಐದು ಸಲ ಕಾಲೊರಸಿನ ಮೇಲೆ. ಪ್ರತಿ ಸಲ ಒಂದು ಚಮಚದಷ್ಟು’ ಎಂದಿದೆ. ನಾಲ್ಕನೇ ದಿನ ‘ಬಾಲದ ಕೆಳಗೆ ತುಂಬ ನೆಕ್ಕುತ್ತಿದ್ದಾನೆ.’ ಐದನೇ ದಿನ ಬಚ್ಚಲ ಬಿಳಿ ಮ್ಯಾಟಿನ ಮೇಲೆ. ಅದರ ಮುಂದೆ ‘ಗುಲಾಬಿ ಬಣ್ಣ?’ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ನನಗೂ ತೋರಿಸಿದಳು. ನಾನು, “ನಿನ್ನ ವಾಟರ್ ಕಲರ್ ಚೆಲ್ಲಿರಬೇಕು, ಹೋಗಿ ಓದಿಕೋ” ಎಂದೆ. ಅರವತ್ತೆಂಟು ವರ್ಷದ ನನಗಿಂತ ಆ ಹನ್ನೊಂದು ವರ್ಷದ ಹುಡುಗಿಯ ಪ್ರಶ್ನೆಯೇ ಸರಿಯಾಗಿತ್ತು.

ಆರನೇ ದಿನ ಭಾನುವಾರ. ಬೆಳಗ್ಗೆಯಿಂದ ಕೆಂಚ ಟ್ರೇಯೊಳಗೆ ಹೋಗುವುದು, ತಿಣುಕುವುದು, ಬರುವುದು, ಮತ್ತೆ ಹೋಗುವುದು. ಒಂದು ಹನಿಯೂ ಇಲ್ಲ. ನಡುವೆ ಅವನಿಂದ ನಾನು ಯಾವತ್ತೂ ಕೇಳಿರದ ಒಂದು ಕೂಗು, ಕೂಸಿನ ಅಳುವಿನ ಹಾಗೆ. ನಾನು ಮಲಬದ್ಧತೆ ಇರಬೇಕೆಂದು ಬೆರಳಿಗೆ ತುಪ್ಪ ಹಚ್ಚಿ ನೆಕ್ಕಿಸಲು ಹೋದೆ. ಮುಖ ತಿರುಗಿಸಿದ. ಹನ್ನೊಂದರ ಹೊತ್ತಿಗೆ ವಾಂತಿ ಮಾಡಿಕೊಂಡ. ಸೊಸೆ ಪಶುವೈದ್ಯರೊಬ್ಬರಿಗೆ ಫೋನು ಮಾಡಿ ಹೀಗೆ ಹೀಗೆ ಎಂದಳು. ಆಕಡೆಯಿಂದ ಬಂದದ್ದು ಎರಡೇ ಪ್ರಶ್ನೆ. “ಗಂಡು ಬೆಕ್ಕಾ? ಬೆಳಗ್ಗೆಯಿಂದ ಒಂದಕ್ಕೆ ಮಾಡಿಲ್ವಾ?” ಆಮೇಲೆ, “ನಾಳೆ ಅಲ್ಲ, ಈಗ ತನ್ನಿ.”

ಬಿಟ್ಟು ಬರುತ್ತೇನೆ ಎಂದಿದ್ದ ಮಗನೇ ಲುಂಗಿಯಲ್ಲೇ ಕಾರು ತೆಗೆದ.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು. ಮೂತ್ರಕೋಶ ಉಬ್ಬಿ ಕಿತ್ತಳೆ ಹಣ್ಣಿನಂತೆ ಗಟ್ಟಿಯಾಗಿತ್ತು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಮೂತ್ರದಲ್ಲಿ ಸಣ್ಣ ಹರಳುಗಳು ಹುಟ್ಟಿ, ಲೋಳೆಯ ಜೊತೆ ಸೇರಿ, ತೋಟದ ಡ್ರಿಪ್ ಪೈಪಿಗೆ ಕಸ ಸಿಕ್ಕಿಕೊಂಡಂತೆ ಅಡ್ಡ ಕೂರುತ್ತವೆ. ಮೂತ್ರ ಹೊರಹೋಗದಿದ್ದರೆ ವಿಷ ರಕ್ತದಲ್ಲೇ ಉಳಿಯುತ್ತದೆ. ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ನಿಲ್ಲಬಹುದು. ಒಂದೆರಡು ದಿನ ತಡವಾದರೂ ಬೆಕ್ಕು ಉಳಿಯುವುದು ಕಷ್ಟ. “ಮಲಬದ್ಧತೆ ಅಂದ್ಕೊಂಡು ಬಹಳ ಜನ ಒಂದು ದಿನ ಕಾಯ್ತಾರೆ ಅಮ್ಮ” ಎಂದರು ಡಾಕ್ಟರು. ನಾನು ತುಪ್ಪದ ವಿಷಯ ಹೇಳಲಿಲ್ಲ. ಮೊಮ್ಮಗಳು ನನ್ನ ಮುಖ ನೋಡಿದಳು, ಅವಳೂ ಹೇಳಲಿಲ್ಲ.

ಮತ್ತು ಬರಿಸಿ, ನಾಳಕ್ಕೆ ತೆಳುವಾದ ಕೊಳವೆ ಹಾಕಿ, ಡ್ರಿಪ್ ಕೊಟ್ಟು ಮೂರು ದಿನ ಅಲ್ಲೇ ಇಟ್ಟುಕೊಂಡರು.

ಹಾಗಾಗಿ ಇದನ್ನು ದಪ್ಪ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ. ಬೆಕ್ಕು ಟ್ರೇ ಬಿಟ್ಟು ಹೊರಗೆ ಮಾಡಿದರೆ ಮೊದಲ ಅನುಮಾನ ಅದರ ಬುದ್ಧಿಯ ಮೇಲೆ ಬೇಡ, ದೇಹದ ಮೇಲಿರಲಿ. ಪದೇ ಪದೇ ಕೂರುವುದು, ಹನಿ ಹನಿಯಾಗಿ ಮಾಡುವುದು, ರಕ್ತದ ಛಾಯೆ, ಕೂಗುವುದು ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಗಂಡು ಬೆಕ್ಕು ತಿಣುಕಿಯೂ ಏನೂ ಬರದಿದ್ದರೆ ಅದೇ ಗಂಟೆಯಲ್ಲಿ. ಎಷ್ಟೋ ಊರುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಅದು ಹಸು ಎಮ್ಮೆಗೆ ಮಾತ್ರ ಎಂದುಕೊಂಡು ಮನೆಯಲ್ಲೇ ಕೂರಬೇಡಿ. ಮತ್ತೊಂದು ಮಾತು ನನ್ನಂಥ ಅಜ್ಜಿಯರಿಗೆ. ನೋವಿರಬೇಕು ಪಾಪ ಎಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆಯನ್ನು ಪುಡಿ ಮಾಡಿ ಹಾಲಿಗೆ ಹಾಕಿ ಕೊಡಬಾರದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಒಂದು ಮಾತ್ರೆಯೇ ಪ್ರಾಣ ತೆಗೆಯಬಹುದು.

ತೆನಾಲಿ ರಾಮನ ಬೆಕ್ಕು

ಬುಧವಾರ ಕೆಂಚ ಮನೆಗೆ ಬಂದ. ಎಲ್ಲರಿಗೂ ಹಬ್ಬ. ಇನ್ನೇನು, ಕಾಯಿಲೆ ವಾಸಿಯಾಯಿತಲ್ಲ, ಟ್ರೇಗೆ ಹೋಗುತ್ತಾನೆ ಎಂದು ಕಾದೆವು. ಅವನು ಯುಟಿಲಿಟಿಯ ಬಾಗಿಲಿನವರೆಗೆ ಹೋದ, ಟ್ರೇಯನ್ನು ನೋಡಿದ, ಒಂದು ಹೆಜ್ಜೆ ಹಿಂದಿಟ್ಟ. ಸೀದಾ ಬಂದು ಕಾಲೊರಸಿನ ಮೇಲೆ ಕೂತ!

ಮಗ ತಲೆ ಚಚ್ಚಿಕೊಂಡ. ಆಗ ಕುರ್ಚಿಯಲ್ಲಿದ್ದ ಅಜ್ಜ ನಗಲು ಶುರು ಮಾಡಿದರು. “ಇದು ತೆನಾಲಿ ರಾಮನ ಬೆಕ್ಕು ಕಣೋ.”

ಈ ಕತೆ ನಿಮಗೆ ಗೊತ್ತಿರುತ್ತದೆ. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಾಗಿ, ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆಂದು ಒಂದು ಹಸು ಕೊಡಿಸಿದ. ರಾಮಕೃಷ್ಣ ಮೊದಲ ದಿನವೇ ಬೆಕ್ಕಿನ ಮುಂದೆ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಅಲ್ಲಿಂದ ಮುಂದೆ ತಣ್ಣನೆಯ ಹಾಲು ಕಂಡರೂ ಓಡುತ್ತಿತ್ತು. ರಾಯರ ಮುಂದೆ ಆ ಬಡಕಲು ಬೆಕ್ಕನ್ನು ನಿಲ್ಲಿಸಿ, “ಮಹಾಪ್ರಭು, ನನ್ನ ಬೆಕ್ಕು ಹಾಲೇ ಕುಡಿಯುವುದಿಲ್ಲ” ಎಂದ. ನಾವೆಲ್ಲ ಈ ಕತೆ ಕೇಳಿ ರಾಮಕೃಷ್ಣನ ಜಾಣತನಕ್ಕೆ ನಕ್ಕಿದ್ದೇವೆ. ಬೆಕ್ಕಿನ ಕಡೆಯಿಂದ ಯಾರು ಯೋಚಿಸಿದ್ದೇವೆ? ಸುಟ್ಟದ್ದು ಬಿಸಿ, ಅದು ದೂರಿದ್ದು ಹಾಲನ್ನು.

ಕೆಂಚನಿಗೂ ಆದದ್ದು ಅದೇ. ಮೂತ್ರ ಮಾಡುವಾಗಿನ ಉರಿ ಹರಳಿನಿಂದ ಬಂದದ್ದು. ಅವನಿಗೇನು ಗೊತ್ತು ಹರಳು? ಟ್ರೇಯಲ್ಲಿ ಕೂತಾಗ ಉರಿಯಿತು, ಆದ್ದರಿಂದ ಟ್ರೇಯೇ ಕೆಟ್ಟದ್ದು. ಮೆತ್ತಗಿನ ಬಟ್ಟೆ ಹುಡುಕಿಕೊಂಡು ಹೋದದ್ದೂ ಅದಕ್ಕೇ. ವಾಷಿಂಗ್ ಮೆಷಿನ್ ಅದರ ಮೇಲೊಂದು ಒಗ್ಗರಣೆ. ನೋವು ಹೋದರೂ ನೆನಪು ಉಳಿದಿತ್ತು. ಹಳೆಯ ಟ್ರೇಯನ್ನೇ ತೊಳೆದಿಟ್ಟು “ಹೋಗೋ ಹೋಗೋ” ಎಂದರೆ ಅವನು ಹೋಗುವವನಲ್ಲ. ಅವನಿಗೆ ಹೊಸದೊಂದು ಹಾಲಿನ ಬಟ್ಟಲೇ ಬೇಕಿತ್ತು.

ಆ ಕೆಲಸ ಮೊಮ್ಮಗಳದ್ದು. ಅಜ್ಜ ಸಹಾಯಕ.

ಬಟ್ಟೆ ನೆನೆಸುವ ಅಗಲವಾದ ಪ್ಲಾಸ್ಟಿಕ್ ಟಬ್ ತಂದೆವು. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕು ಎಷ್ಟು ಉದ್ದವೋ ಅದರ ಒಂದೂವರೆಯಷ್ಟಾದರೂ ಟ್ರೇ ಉದ್ದವಿರಬೇಕು. ಅಂಗಡಿಯ ಮುಚ್ಚಳದ ಡಬ್ಬದಲ್ಲಿ ನಮ್ಮ ಕೆಂಚ ತಿರುಗುವುದಕ್ಕೂ ಜಾಗವಿರಲಿಲ್ಲ ಎಂದು ಆಗ ತಿಳಿಯಿತು. ಟಬ್ಬಿನ ಒಂದು ಬದಿಯನ್ನು ಅಜ್ಜ ಗರಗಸದಲ್ಲಿ ತಗ್ಗಿಸಿ, ಅಂಚನ್ನು ಮರಳುಕಾಗದದಿಂದ ಉಜ್ಜಿದರು. ಮುಚ್ಚಳ ಇಲ್ಲ. ಮುಚ್ಚಳವಿದ್ದರೆ ನಮಗೆ ವಾಸನೆ ಬರುವುದಿಲ್ಲ ನಿಜ, ಆದರೆ ಎಲ್ಲ ವಾಸನೆಯೂ ಒಳಗಿರುವವನ ಮೂಗಿಗೇ ಹೋಗುತ್ತದೆ. ಲ್ಯಾವೆಂಡರೂ ಅಷ್ಟೇ. ಬಸ್‌ಸ್ಟ್ಯಾಂಡಿನ ಶೌಚಾಲಯದಲ್ಲಿ ನುಸಿಗುಳಿಗೆಯ ಘಾಟು ನಮಗೆ ಹೇಗೋ ಹಾಗೆ. ಬೆಕ್ಕಿನ ಮೂಗು ನಮ್ಮದಕ್ಕಿಂತ ಎಷ್ಟೋ ಪಟ್ಟು ಚುರುಕು. ಪರಿಮಳವಿಲ್ಲದ, ನುಣ್ಣಗಿನ ಮಣ್ಣೇ ಹೆಚ್ಚಿನ ಬೆಕ್ಕುಗಳಿಗೆ ಒಗ್ಗುತ್ತದೆ.

ಹಾಗಾದರೆ ಯಾವ ಮಣ್ಣು? “ಕೆಂಚನನ್ನೇ ಕೇಳೋಣ” ಎಂದಳು ಮೊಮ್ಮಗಳು. ಇದಕ್ಕೆ ಅವಳಿಟ್ಟ ಹೆಸರು ಚುನಾವಣೆ. ಎರಡು ಟಬ್ಬುಗಳು ಅಕ್ಕಪಕ್ಕ. ಒಂದರಲ್ಲಿ ಜರಡಿ ಹಿಡಿದು ಒಣಗಿಸಿದ ಮರಳು, ಇನ್ನೊಂದರಲ್ಲಿ ಪರಿಮಳವಿಲ್ಲದ ಉಂಡೆಗಟ್ಟುವ ಮಣ್ಣು. ಮೂರು ಬೆರಳಿನ ದಪ್ಪ. ಮೊದಲ ದಿನ ಇಬ್ಬರು ಅಭ್ಯರ್ಥಿಗಳಿಗೂ ಠೇವಣಿ ಹೋಯಿತು, ಮತ ಕಾಲೊರಸಿಗೆ ಬಿತ್ತು. ಕಾಲೊರಸನ್ನೇ ಎತ್ತಿಟ್ಟೆವು. ಎರಡನೇ ದಿನ ರಾತ್ರಿ ಕರಕರ ಸದ್ದು. ಎಲ್ಲರೂ ಉಸಿರು ಬಿಗಿಹಿಡಿದು ಕೂತೆವು. ಮರಳು ಗೆದ್ದಿತ್ತು. ಹುಟ್ಟಿದೂರಿನ ಹಿತ್ತಲು ಅವನಿಗೆ ನೆನಪಿರಬೇಕು ಎನ್ನುತ್ತಾರೆ ಅಜ್ಜ. ಎಳವೆಯಲ್ಲಿ ಕಾಲಿಗೆ ಹತ್ತಿದ ನೆಲವನ್ನು ಬೆಕ್ಕು ಇಷ್ಟಪಡುತ್ತದೆ ಎನ್ನುವುದಂತೂ ನಿಜ.

ಆದರೆ ಮರಳು ಸರಿಯಾಗಿ ಉಂಡೆಗಟ್ಟುವುದಿಲ್ಲ, ವಾಸನೆ ಬೇಗ ಹಿಡಿಯುತ್ತದೆ. ದಿನಕ್ಕೆ ಒಂದು ಬಟ್ಟಲಿನಂತೆ ಆ ಮಣ್ಣನ್ನು ಮರಳಿಗೆ ಬೆರೆಸುತ್ತ ಬಂದೆವು. ಮೂರು ವಾರದಲ್ಲಿ ಅರ್ಧಕ್ಕರ್ಧ ಆಯಿತು. ಬೆಕ್ಕಿನ ವಿಷಯದಲ್ಲಿ ಯಾವುದನ್ನೂ ದಿಢೀರನೆ ಬದಲಿಸಬಾರದು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಎಂಬ ಪಶುವೈದ್ಯರೂ ಅವರ ಸಂಗಡಿಗರೂ 12 ಆರೋಗ್ಯವಂತ ಬೆಕ್ಕುಗಳನ್ನೂ ಮೂತ್ರಕೋಶದ ಉರಿಯೂತವಿದ್ದ 20 ಬೆಕ್ಕುಗಳನ್ನೂ 77 ವಾರ ಗಮನಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಊಟದ ಹೊತ್ತು ತಪ್ಪಿದಾಗ, ನೋಡಿಕೊಳ್ಳುವವರು ಬದಲಾದಾಗ, ಆರೋಗ್ಯವಾಗಿದ್ದ ಬೆಕ್ಕುಗಳೂ ಊಟ ಬಿಟ್ಟವು, ವಾಂತಿ ಮಾಡಿಕೊಂಡವು, ಟ್ರೇಯ ಹೊರಗೆ ಮಾಡಿದವು. ಹಾಗಿರುವಾಗ ತೋಟದ ಮನೆಯಿಂದ ಮೂರನೇ ಮಹಡಿಗೆ ಬಂದವನ ಪಾಡು ಏನು? ನಾವಂತೂ ಊರು ಬಿಟ್ಟು ಬಂದ ಸಂಕಟವನ್ನು ಫೋನಿನಲ್ಲಿ ಅಕ್ಕತಂಗಿಯರಿಗೆ ಹೇಳಿಕೊಂಡು ಹಗುರಾದೆವು.

ಟಬ್ಬುಗಳಲ್ಲಿ ಒಂದನ್ನು ಹಾಲಿನ ಮೂಲೆಯಲ್ಲಿ, ಇನ್ನೊಂದನ್ನು ನಮ್ಮ ಕೋಣೆಯ ಕಿಟಕಿಯ ಕೆಳಗೆ ಇಟ್ಟೆವು. ಬೆಕ್ಕುಗಳು ಎಷ್ಟೋ ಅದಕ್ಕಿಂತ ಒಂದು ಟ್ರೇ ಹೆಚ್ಚಿರಬೇಕು ಎನ್ನುತ್ತಾರೆ ಬಲ್ಲವರು. ಊಟದ ತಟ್ಟೆಯ ಪಕ್ಕದಲ್ಲಿ ಬೇಡ, ಅದು ನಮಗೂ ಹಿಡಿಸದು. ಸದ್ದಿರಬಾರದು. ಕೂತಿರುವಾಗ ಸುತ್ತಲೂ ಕಾಣುವಂತಿರಬೇಕು, ಯಾರಾದರೂ ಬಂದರೆ ಓಡಲು ದಾರಿ ಇರಬೇಕು. ಎರಡು ಬೆಕ್ಕುಗಳಿರುವ ಮನೆಯಲ್ಲಿ ಜೋರಿನ ಬೆಕ್ಕು ದಾರಿಗೆ ಅಡ್ಡ ಮಲಗಿಯೇ ಮೆತ್ತಗಿನದನ್ನು ಹೆದರಿಸುವುದುಂಟು. ದಿನಕ್ಕೆರಡು ಸಲ ಸೌಟಿನಲ್ಲಿ ಉಂಡೆ ತೆಗೆಯುವುದು ಮೊಮ್ಮಗಳ ಪಾಲಿನ ಕೆಲಸ, ಆಮೇಲೆ ಸೋಪು ಹಚ್ಚಿ ಕೈ ತೊಳೆಯುವುದು ಕಡ್ಡಾಯ.

ಊಟವನ್ನೂ ಡಾಕ್ಟರು ಬದಲಿಸಿದರು. ಒಣನಾಡಿನ ಸಂತತಿ ತಾನೇ, ಬೆಕ್ಕಿಗೆ ಬಾಯಾರಿಕೆ ಕಡಿಮೆ. ಬೇಟೆಯ ಮೈಯಲ್ಲಿನ ನೀರೇ ಅದಕ್ಕೆ ಸಾಕಾಗುತ್ತಿತ್ತು. ನಾವು ಪೇಟೆಗೆ ಬಂದ ಮೇಲೆ ಬರೀ ಒಣ ಕಾಳಿನ ಆಹಾರ ಹಾಕುತ್ತಿದ್ದೆವು, ಅವನು ನೀರು ಕುಡಿಯುತ್ತಿದ್ದದ್ದು ನಾಲ್ಕು ಗುಟುಕು. ಈಗ ಡಾಕ್ಟರು ಬರೆದುಕೊಟ್ಟ ಹಸಿ ಆಹಾರ, ಮನೆಯ ನಾಲ್ಕು ಕಡೆ ನೀರಿನ ಬಟ್ಟಲು.

ಫಿನಾಯಿಲ್ ಬಾಟಲಿ

ಇನ್ನು ಒರೆಸುವ ವಿಷಯ. ಸೊಸೆ ಪ್ರತಿ ಸಲವೂ ನೀರಿಗೆ ಬಿದ್ದ ಕೂಡಲೇ ಹಾಲಿನಂತೆ ಬೆಳ್ಳಗಾಗುವ ಫಿನಾಯಿಲ್ ಹಾಕಿ ತಿಕ್ಕುತ್ತಿದ್ದಳು. ಡಾಕ್ಟರು ಕೇಳಿ ಗಾಬರಿಯಾದರು. ಅಂಥವುಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳು ಬೆಕ್ಕಿಗೆ ವಿಷ. ನೆಲದ ಮೇಲೆ ನಡೆದು ಅದು ತನ್ನ ಪಾದ ನೆಕ್ಕಿಕೊಳ್ಳುತ್ತದೆ. ಅಮೋನಿಯಾ ಇರುವ ಕ್ಲೀನರುಗಳೂ ಬೇಡ, ಆ ವಾಸನೆ ಬೆಕ್ಕಿಗೆ ಮೂತ್ರದ್ದರಂತೆಯೇ ತೋರಿ ಮತ್ತೆ ಅಲ್ಲಿಗೇ ಕರೆತರುತ್ತದೆ. ಬಟ್ಟೆಯಿಂದ ಒತ್ತಿ ಹೀರಿಸಿ, ಸೋಪು ನೀರಿನಲ್ಲಿ ತೊಳೆದು, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ದ್ರಾವಣ ಹಾಕಿ ಒಣಗಲು ಬಿಡಬೇಕು. ಬೆಕ್ಕಿನ ಮೂತ್ರದಲ್ಲಿನ ಯೂರಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗದು. ಮಳೆಗಾಲದ ತೇವಕ್ಕೆ ಹಳೆಯ ವಾಸನೆ ಮತ್ತೆ ಏಳುವುದು ಅದಕ್ಕೇ. ಅಜ್ಜನ ಕಂಬಳಿಯನ್ನು ಮಾತ್ರ ಯಾವ ದ್ರಾವಣವೂ ಉಳಿಸಲಿಲ್ಲ.

ಇವೆಲ್ಲ ನಮ್ಮ ಕೆಂಚನ ಕತೆಯಾಯಿತು. ಎಲ್ಲ ಬೆಕ್ಕಿನದೂ ಇದೇ ಅಲ್ಲ. ನಿಂತುಕೊಂಡು, ಬಾಲ ನೆಟ್ಟಗೆ ಎತ್ತಿ ನಡುಗಿಸುತ್ತ ಗೋಡೆಗೆ ಚಿಮುಕಿಸಿದರೆ ಅದು ಒಂದಕ್ಕೆ ಹೋದದ್ದಲ್ಲ, ‘ಇದು ನನ್ನ ಜಾಗ’ ಎಂದು ಬೋರ್ಡು ಹಾಕಿದ್ದು. ಸಂತಾನಹರಣ ಮಾಡಿಸದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು, ಮಾಡಿಸಿದ ಮೇಲೆ ಬಹುಪಾಲು ನಿಲ್ಲುತ್ತದೆ. ಮುದಿ ಬೆಕ್ಕು ಲೋಟಗಟ್ಟಲೆ ನೀರು ಕುಡಿದು ಎಲ್ಲೆಂದರಲ್ಲಿ ಮಾಡುತ್ತಿದ್ದರೆ ಮೂತ್ರಪಿಂಡವನ್ನೋ ಸಕ್ಕರೆ ಕಾಯಿಲೆಯನ್ನೋ ಪರೀಕ್ಷೆ ಮಾಡಿಸಬೇಕು. ಟ್ರೇಯ ಪಕ್ಕದಲ್ಲೇ ಮಾಡುತ್ತಿದ್ದರೆ ಅದರ ಮಂಡಿ ನೋಡಿ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹನ್ನೆರಡು ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದರೆ, 90ರಲ್ಲಿ ಕೀಲು ಸವೆದದ್ದು ಕಂಡಿತ್ತು. ಎತ್ತರದ ಅಂಚು ಹತ್ತಲಾಗದೆ ಹೊರಗೇ ಮುಗಿಸುತ್ತವೆ ಪಾಪ. ಇದನ್ನು ಓದಿ ಹೇಳಿದಾಗ ಅಜ್ಜ ತಮ್ಮ ಮಂಡಿ ಸವರಿಕೊಂಡು, “ಊರಿನ ಆ ಎತ್ತರದ ಪಾಯಖಾನೆ ಮೆಟ್ಟಿಲು ಕಟ್ಟಿಸಿದವನೂ ಇದನ್ನು ಓದಬೇಕಿತ್ತು” ಎಂದರು. ಕಟ್ಟಿಸಿದವರು ಅವರೇ.

ಮನೆಯಲ್ಲಿ ಬಸುರಿ ಇದ್ದಾಳೆಂದು ಬೆಕ್ಕನ್ನು ಹೊರಹಾಕುವವರೂ ಇದ್ದಾರೆ. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಎಂಬ ಸೋಂಕು ಬರಬಹುದು ಎಂಬುದು ಸರಿ. ಆದರೆ ಮಲ ಹೊರಬಿದ್ದ ಮೇಲೆ ಅದು ಸೋಂಕುವ ಸ್ಥಿತಿಗೆ ಬರಲು ಕಡಿಮೆಯೆಂದರೂ ಒಂದು ದಿನ ಬೇಕು. ದಿನವೂ ತೆಗೆದರೆ, ಬಸುರಿ ಆ ಟ್ರೇ ಮುಟ್ಟದೆ ಬೇರೆಯವರು ಆ ಕೆಲಸ ಮಾಡಿದರೆ, ಇಬ್ಬರೂ ಒಂದೇ ಮನೆಯಲ್ಲಿರಬಹುದು. ತೊಳೆಯದ ತರಕಾರಿ, ಸರಿಯಾಗಿ ಬೇಯದ ಮಾಂಸದಿಂದಲೂ ಅದೇ ಸೋಂಕು ಬರುತ್ತದೆ, ಅವನ್ನು ಯಾರೂ ಗೋಣಿಚೀಲಕ್ಕೆ ಹಾಕುವುದಿಲ್ಲ.

ಗೋಣಿಚೀಲ ಎಂದಾಗ ನೆನಪಾಯಿತು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಕಾರಣವಿಲ್ಲದೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ನಾವು ಹೊಳೆ ದಾಟಿಸುತ್ತಿದ್ದ ಕಾಲದಲ್ಲೂ ಆ ಕಾಯ್ದೆ ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ. ಮೀನು ಮಾರ್ಕೆಟ್ಟಿಗೆ ಬಿಟ್ಟಿದ್ದರೆ ಕೆಂಚನ ಭಾನುವಾರ ಹೇಗಿರುತ್ತಿತ್ತೆಂದು ಮಗ ಒಮ್ಮೆ ತಾನಾಗಿಯೇ ಕೇಳಿದ. ಯಾರೂ ಉತ್ತರ ಹೇಳಲಿಲ್ಲ.

ನೋಟ್‌ಬುಕ್ ಈಗಲೂ ಫ್ರಿಜ್ಜಿನ ಮೇಲಿದೆ. ಡಾಕ್ಟರೇ ಮುಂದುವರಿಸು ಎಂದಿದ್ದಾರೆ. ಉಂಡೆಯ ಗಾತ್ರವೇ ದಿನದ ವರದಿ. ಎಂದಿನಂತೆ ದೊಡ್ಡದಿದ್ದರೆ ನೆಮ್ಮದಿ, ಗೋಲಿಯಷ್ಟೇ ಇದ್ದು ಹಲವಾರು ಇದ್ದರೆ ಫೋನು. ನಿನ್ನೆಯ ಪುಟದಲ್ಲಿ ಹೀಗಿದೆ:

‘ಬೆಳಗ್ಗೆ 6.10. ಕಿಟಕಿ ಟಬ್. ನಿಂಬೆಹಣ್ಣಿನಷ್ಟು ಒಂದು ಉಂಡೆ. ಅದಕ್ಕೆ ಮುಂಚೆ ಏನಾಯಿತು: ಏನೂ ಇಲ್ಲ. ಆಮೇಲೆ ಏನಾಯಿತು: ಅಜ್ಜ ಚಪ್ಪಾಳೆ ತಟ್ಟಿದರು, ಕೆಂಚ ಹೆದರಿ ಬೀರುವಿನಡಿ ಓಡಿದ. ಅಜ್ಜನಿಗೆ ಎಚ್ಚರಿಕೆ ಕೊಡಲಾಗಿದೆ.’